ಸೆಕೆಂಡ್ ಹ್ಯಾಂಡ್ ವಿ-ಸ್ಟ್ರಾಮ್ 1000: ದುಡ್ಡು ಕೊಡುವ ಮುಂಚೆ ಏನೇನು ನೋಡಬೇಕು?

#1 ಗುಂಡ್ಯ_ಕ್ರಾಸ್
ಎಲ್ಲರಿಗೂ ನಮಸ್ಕಾರ. ನೋಡುತ್ತಿರುವ ಗಾಡಿ 2015ರ ಸುಜುಕಿ ವಿ-ಸ್ಟ್ರಾಮ್ 1000. ಮೀಟರ್ 38,000 ಕಿ.ಮೀ., ಬೆಂಗಳೂರು ನೋಂದಣಿ, ಎರಡನೇ ಮಾಲೀಕರು. ಸರ್ವಿಸ್ ಬುಕ್ಕಿನಲ್ಲಿ 22,000ದ ನಂತರ ಒಂದು ಸೀಲೂ ಇಲ್ಲ. ಓಡಿಸುವುದು ಹೆಚ್ಚಾಗಿ ಶಿರಾಡಿ, ಚಾರ್ಮಾಡಿ, ಬಿಸಿಲೆ ಕಡೆ. ವರ್ಷಕ್ಕೊಂದು ದೊಡ್ಡ ಪ್ರಯಾಣ, ಹಿಂದೆ ಒಬ್ಬರು, ಎರಡು ಪೆಟ್ಟಿಗೆ. ನೋಡಲು ಹೋದಾಗ ಯಾವ ಕ್ರಮದಲ್ಲಿ ಪರೀಕ್ಷೆ ಮಾಡಬೇಕು, ಎಲ್ಲಿ ದುಡ್ಡು ಹೋಗುತ್ತದೆ, ಸ್ವಲ್ಪ ಬಿಡಿಸಿ ಹೇಳಿ ಮಾರಾಯ್ರೆ.

#2 ಫೀಲರ್_ಗೇಜ್
ನಿಮ್ಮ ಪೋಸ್ಟಿನಲ್ಲಿ ನನಗೆ ಕಂಡ ಮುಖ್ಯ ಸಂಖ್ಯೆ 38,000 ಅಲ್ಲ, 22,000. ಈ ಎಂಜಿನ್‌ಗೆ ವಾಲ್ವ್ ಕ್ಲಿಯರೆನ್ಸ್ (ಕ್ಯಾಮ್‌ಗೂ ವಾಲ್ವ್‌ಗೂ ನಡುವಿನ ಸಂದು) ನೋಡಬೇಕಾದ್ದು 24,000 ಕಿ.ಮೀ.ಗೆ. ಅದಕ್ಕೆ ಸರಿಯಾಗಿ ಎರಡು ಸಾವಿರ ಮುಂಚೆ ಬುಕ್ ನಿಂತಿದೆ ಅಂದರೆ ಆ ಕೆಲಸ ಆಗಿಲ್ಲ ಅಂತಲೇ ಲೆಕ್ಕ ಹಾಕಿ, ಬೆಲೆ ಮಾತಾಡುವಾಗ ಕಳೆಯಿರಿ.

ನೋಡಲು ಹೋಗುವಾಗ "ಸ್ಟಾರ್ಟ್ ಮಾಡಬೇಡಿ, ತಣ್ಣಗೇ ಇರಲಿ" ಅಂತ ಮೊದಲೇ ಹೇಳಿ. ಹೋದ ತಕ್ಷಣ ಎಂಜಿನ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ, ಅಥವಾ ಬ್ಯಾಟರಿ ಸತ್ತಿದೆ. ತಣ್ಣಗಿನ ಸ್ಟಾರ್ಟ್‌ನಲ್ಲಿ ಒಂದೆರಡು ಸೆಕೆಂಡ್ ಟೈಮಿಂಗ್ ಚೈನ್ ಸದ್ದು ಬಂದು ನಿಂತರೆ ಗಾಬರಿ ಬೇಡ. ಬಿಸಿಯಾದ ಮೇಲೂ ಒಂದೇ ಸಿಲಿಂಡರ್‌ನಿಂದ ಸದ್ದು ಬರುತ್ತಿದ್ದರೆ ಟೆನ್ಷನರ್ (ಆ ಚೈನ್ ಬಿಗಿ ಹಿಡಿಯುವ ಭಾಗ) ನೋಡಬೇಕು.

ಆಮೇಲೆ ಹ್ಯಾಂಡಲ್. ಮುಂದಿನ ಚಕ್ರ ನೆಲ ಬಿಟ್ಟಿರುವಂತೆ ಇಬ್ಬರು ಹಿಡಿದು ನಿಧಾನ ತಿರುಗಿಸಿ. ನೇರ ನಿಲ್ಲುವ ಜಾಗದಲ್ಲಿ "ಟಕ್" ಅಂತ ಕಚ್ಚಿದ ಹಾಗಾದರೆ ಸ್ಟೀರಿಂಗ್ ಬೇರಿಂಗ್‌ನಲ್ಲಿ ಗುಳಿ ಬಿದ್ದಿದೆ. ಫೋರ್ಕ್ ಟ್ಯೂಬ್ ಮೇಲೆ ಉಗುರು ಎಳೆಯಿರಿ, ಗೀರು ಸಿಕ್ಕರೆ ಸೀಲ್ ಎಷ್ಟು ಸಲ ಹಾಕಿದರೂ ಸೋರುತ್ತದೆ. ವಾಟರ್ ಪಂಪ್ ಕೆಳಗಿನ ಸಣ್ಣ ತೂತಿನ ಸುತ್ತ ಒಣಗಿದ ಕೂಲೆಂಟ್ ಕಲೆ ಇದ್ದರೆ ಒಳಗಿನ ಸೀಲ್ ಹೋಗಿದೆ.

ಗಾಡಿ ಹೊರಟ ಮೇಲೆ ಎಬಿಎಸ್ ದೀಪ ಆರಬೇಕು. ಕೀ ಹಾಕಿದಾಗ ಆ ದೀಪ ಹತ್ತುವುದೇ ಇಲ್ಲ ಅಂದರೆ ಇನ್ನೂ ಕೆಟ್ಟದು. ಯಾರೋ ಅದನ್ನು ಹತ್ತದ ಹಾಗೆ ಮಾಡಿಟ್ಟಿದ್ದಾರೆ ಅಂತ ಅರ್ಥ.

#3 ಹುಬ್ಳಿ_ಹೈವೇ
ನಾ ಒಂದ್ ಮಾತ್ ಕೇಳ್ತೀನ್ರಿ, ಸಿಟ್ಟಾಗಬ್ಯಾಡ್ರಿ. ಬಿಸಿಲೆ ಘಾಟ್‌ನ್ಯಾಗ ಸಾವಿರ ಸಿಸಿ ತಗೊಂಡು ಏನ್ ಮಾಡ್ತೀರಿ? ವಿ-ಸ್ಟ್ರಾಮ್ 650 ಎಕ್ಸ್‌ಟಿನೂ ಸೆಕೆಂಡ್ಸ್‌ನ್ಯಾಗ ಸಿಗತಾವ. ಅದೂ ವಿ-ಟ್ವಿನ್ (ವಿ ಆಕಾರದಾಗ ಎರಡ್ ಸಿಲಿಂಡರ್) ಐತಿ, ಖರ್ಚ್ ಕಮ್ಮಿ, ವೈರ್ ಸ್ಪೋಕ್ ವೀಲ್ ಬ್ಯಾರೆ ಐತಿ.

#4 ಎರಡು_ಸಿಲಿಂಡರ್
@ಹುಬ್ಳಿ_ಹೈವೇ ಒಬ್ಬರೇ ಓಡಿಸುವುದಾದರೆ ನಿಮ್ಮ ಮಾತು ಪೂರ್ತಿ ಸರಿ. ಆದರೆ ತೂಕ ಲೆಕ್ಕ ಹಾಕಿ: 650 ಎಕ್ಸ್‌ಟಿ 216 ಕೆಜಿ, 1000 ಸಿಸಿಯದು 228 ಕೆಜಿ. ವ್ಯತ್ಯಾಸ ಬರೀ 12 ಕೆಜಿ. ಟಾರ್ಕ್‌ನಲ್ಲಿ 62 ಎನ್‌ಎಂ ಎಲ್ಲಿ, 103 ಎನ್‌ಎಂ ಎಲ್ಲಿ! ಅದೂ ದೊಡ್ಡದರಲ್ಲಿ 4,000 ಆರ್‌ಪಿಎಂಗೇ ಪೂರ್ತಿ ಸಿಗುತ್ತದೆ, ಚಿಕ್ಕದಕ್ಕೆ 6,500ರ ತನಕ ತಿರುಗಿಸಬೇಕು. ಹಿಂದೆ ಜನ, ಎರಡು ಪೆಟ್ಟಿಗೆ ಇದ್ದು ಶಿರಾಡಿಯಲ್ಲಿ ಟ್ಯಾಂಕರ್ ದಾಟುವಾಗ ಇದು ಗೊತ್ತಾಗುತ್ತದೆ.

ಆದರೆ ಒಂದು ಎಚ್ಚರಿಕೆ. 650 ಅಥವಾ ನಾಲ್ಕು ಸಿಲಿಂಡರ್ ಗಾಡಿಯಿಂದ ಬಂದವರು ಇದನ್ನು ಟಾಪ್ ಗೇರಿನಲ್ಲಿ 50 ಕಿ.ಮೀ. ವೇಗದಲ್ಲಿ ಎಳೆಯುತ್ತಾರೆ. ಎಂಜಿನ್ ಕುದುರೆ ಕೆನೆದ ಹಾಗೆ ಜರ್ಕ್ ಹೊಡೆಯುತ್ತದೆ, ಆಮೇಲೆ "ಇಂಜೆಕ್ಷನ್ ಸರಿ ಇಲ್ಲ" ಅಂತ ದೂರು. 90 ಡಿಗ್ರಿ ವಿ-ಟ್ವಿನ್‌ನಲ್ಲಿ ಒಂದು ಸಿಲಿಂಡರ್ ಹೊಡೆದ ಮೇಲೆ 270 ಡಿಗ್ರಿಗೆ ಇನ್ನೊಂದು, ಆಮೇಲೆ 450 ಡಿಗ್ರಿ ಖಾಲಿ. ಆ ಖಾಲಿ ಹೊತ್ತಿನಲ್ಲಿ ಕ್ರ್ಯಾಂಕ್ ನಿಧಾನವಾಗುತ್ತದೆ, ಚೈನ್ ಸಡಿಲಾಗುತ್ತದೆ, ಮುಂದಿನ ಹೊಡೆತಕ್ಕೆ ಮತ್ತೆ ಬಿಗಿಯುತ್ತದೆ. 2,500ರ ಕೆಳಗೆ ಲೋಡ್ ಕೊಟ್ಟರೆ ಈ ಹೊಡೆತ ತಿನ್ನುವುದು ಚೈನ್, ಸ್ಪ್ರಾಕೆಟ್, ಹಿಂದಿನ ಹಬ್ಬಿನ ರಬ್ಬರು. ಕಡಿಮೆ ಆರ್‌ಪಿಎಂ ಅಂದರೆ ಮೈಲೇಜ್ ಅನ್ನುವ ಲೆಕ್ಕ ಇಲ್ಲಿ ನಡೆಯಲ್ಲ. ಒಂದು ಗೇರ್ ಇಳಿಸಿ.

#5 ಹುಬ್ಳಿ_ಹೈವೇ
ಒಪ್ಪಿದ್ನಿ. 12 ಕೆಜಿ ಅಂತ ಗೊತ್ತಿರ್ಲಿಲ್ರಿ, ನಾ ಬಾಳ ಜಾಸ್ತಿ ಇರ್ತೈತಿ ಅನ್ಕೊಂಡಿದ್ನಿ.

ಚೈನ್ ಮಾತ್ ಬಂತಲ್ಲ, ಅದನ್ನ ನಾ ಹೇಳ್ತೀನಿ. ಇದಕ್ಕ 525 ಚೈನ್, 116 ಲಿಂಕ್, ಸ್ಪ್ರಾಕೆಟ್ 17/41. ಕೊಳ್ಳೂ ಮುಂದ ಒಂದ್ ಸ್ಟೀಲ್ ಅಳತಿ ಪಟ್ಟಿ ತಗೊಂಡ್ ಹೋಗ್ರಿ. ಚೈನ್ ಬಿಗಿ ಹಿಡದು 21 ಪಿನ್ ಎಣಸ್ರಿ, ಅಂದ್ರ ನಡುವ 20 ಸಂದು. ಹೊಸಾದಾಗ ಅದು 317.5 ಮಿ.ಮೀ. 319.4 ದಾಟಿತ್ತಂದ್ರ ಚೈನ್ ಮುಗೀತು, ಎರಡೂ ಸ್ಪ್ರಾಕೆಟ್ ಸಂಗಾಟ ಬದಲಿ ಮಾಡಬೇಕು. ಬರೀ ಎರಡ್ ಮಿ.ಮೀ. ಅಂತ ನಗಬ್ಯಾಡ್ರಿ. ಮೂರ್ನಾಕ್ ಜಾಗಾದಾಗ ಅಳೀರಿ, ಎಲ್ಲಾ ಕಡೆ ಒಂದ ಸಮ ಸವದಿರಂಗಿಲ್ಲ.

ಸಡಿಲು 20ರಿಂದ 30 ಮಿ.ಮೀ. ಚಕ್ರ ತಿರುವಿ ತಿರುವಿ ಬಾಳ ಬಿಗಿ ಇರೂ ಜಾಗಾ ಹುಡುಕ್ರಿ, ಅಲ್ಲೇ ಈ ಅಳತಿ ಹಿಡೀರಿ. ಸಡಿಲ್ ಜಾಗಾದಾಗ ಹಿಡದ್ರ ಬಿಗಿ ಜಾಗಾ ಬಂದಾಗ ಗೇರ್‌ಬಾಕ್ಸ್ ಔಟ್‌ಪುಟ್ ಬೇರಿಂಗ್ ಮ್ಯಾಲ ಭಾರ ಬೀಳ್ತೈತಿ. ಹಿಂದಿನ ಆಕ್ಸಲ್ ನಟ್ 100 ಎನ್‌ಎಂ. ಪಾನಾಕ್ಕ ಪೈಪ್ ಹಾಕಿ ಎಳ್ಯೂದು ಬ್ಯಾಡ.

ಹಬ್ ರಬ್ಬರ್ ನೋಡ್ಲಿಕ್ಕೆ ಹಿಂದಿನ ಸ್ಪ್ರಾಕೆಟ್ ಕೈಯಾಗ ಹಿಡದು ಹಿಂದ ಮುಂದ ಅಲಗಾಡಸ್ರಿ. ಚಕ್ರ ನಿಂತಲ್ಲೇ ನಿಂತು ಸ್ಪ್ರಾಕೆಟ್ ಅಷ್ಟ ಕಟಕಟ ಅಂದ್ರ ರಬ್ಬರ್ ಸತ್ತಾವ. ಹಳೇ ಟ್ಯೂಬ್ ತುಂಡ್ ತುರ್ಕಿ ಮಾರೋರು ಅದಾರ, ಚಕ್ರ ಬಿಚ್ಚಿದ್ರ ಕಾಣ್ತೈತಿ.

#6 ನಿಧಾನವೇ_ಪ್ರಧಾನ
ಘಾಟಿ ಸವಾರಿಯ ಬಗ್ಗೆ ಸೇರಿಸುತ್ತೇನೆ, ಯಾಕಂದರೆ ಈ ಗಾಡಿಗಳು ಬೀಳುವುದು 100ರ ವೇಗದಲ್ಲಿ ಅಲ್ಲ, 8ರ ವೇಗದಲ್ಲಿ.

ಆಗುಂಬೆಯ 14 ಹೇರ್‌ಪಿನ್‌ಗಳಲ್ಲಿ ಹತ್ತುವಾಗಿನ ಎಡ ತಿರುವು ಕಷ್ಟ, ಒಳ ಅಂಚಿನಲ್ಲಿ ಇಳಿಜಾರು ತೀರಾ ಜಾಸ್ತಿ. ಎರಡನೇ ಗೇರಿನಲ್ಲಿ ಹೋದರೆ ತಿರುವಿನ ಮಧ್ಯೆ ಎಂಜಿನ್ "ಡುಬ್" ಅಂತ ಆಫ್ ಆಗುತ್ತದೆ. ಒಂದೊಂದು ಪಿಸ್ಟನ್ 100 ಮಿ.ಮೀ. ಅಗಲ, ಕಂಪ್ರೆಷನ್ 11.3. ಕ್ರ್ಯಾಂಕ್‌ನಲ್ಲಿ ವೇಗ ಇಲ್ಲದಿದ್ದರೆ ಮುಂದಿನ ಕಂಪ್ರೆಷನ್ ದಾಟಲು ಆಗದೆ ನಿಂತೇಬಿಡುತ್ತದೆ. ಹ್ಯಾಂಡಲ್ ತಿರುಗಿದ್ದಾಗ, ಗಾಡಿ ಒಳಕ್ಕೆ ವಾಲಿದ್ದಾಗ ಹಾಗೆ ನಿಂತರೆ ಕಾಲು ಕೊಟ್ಟು ತಡೆಯುವ ಮಾತೇ ಇಲ್ಲ.

ಆದ್ದರಿಂದ ತಿರುವಿಗೆ ಮುಂಚೆಯೇ ಒಂದನೇ ಗೇರ್. ಹೊರಗಿನ ಅಂಚಿನಿಂದ ಒಳಗೆ. ಥ್ರಾಟಲ್ ಅಲುಗಾಡಿಸದೆ 2,500ರ ಆಸುಪಾಸು ಹಿಡಿದು, ವೇಗವನ್ನು ಕ್ಲಚ್ ಕಚ್ಚುವ ಜಾಗದಲ್ಲಿ ಮತ್ತು ಹಿಂದಿನ ಬ್ರೇಕಿನಲ್ಲಿ ನಿಭಾಯಿಸಿ. ಹಿಂದಿನ ಬ್ರೇಕ್ ಸ್ವಲ್ಪ ಒತ್ತಿಕೊಂಡೇ ಇದ್ದರೆ ಚೈನ್ ಬಿಗಿಯಾಗಿರುತ್ತದೆ, ಜರ್ಕ್ ಬರುವುದಿಲ್ಲ. ಮುಂದಿನ ಬ್ರೇಕ್‌ನಿಂದ ಬೆರಳು ತೆಗೆಯಿರಿ. 310 ಮಿ.ಮೀ.ನ ಎರಡು ಡಿಸ್ಕ್, ನಾಲ್ಕು ಪಿಸ್ಟನ್ ಕ್ಯಾಲಿಪರ್. ಹ್ಯಾಂಡಲ್ ತಿರುಗಿದ್ದಾಗ ಒಂದು ಬೆರಳು ಜಾಸ್ತಿಯಾದರೆ ನೆಲ. ಕಣ್ಣು ರಸ್ತೆಯ ಒಳ ಅಂಚಿನ ಮೇಲಲ್ಲ, ತಿರುವು ಮುಗಿಯುವ ಕಡೆ.

ಇಳಿಯುವಾಗ ಎಂಜಿನ್ ಬ್ರೇಕಿಂಗ್ ಧಾರಾಳ. ಈ ಮಾದರಿಯಲ್ಲಿ ಸ್ಲಿಪ್ಪರ್ ಕ್ಲಚ್ ಇರುವುದರಿಂದ ಗೇರ್ ಇಳಿಸಿದಾಗ ಹಿಂದಿನ ಚಕ್ರ ಕುಣಿಯುವುದು ಕಡಿಮೆ, ಆದರೂ ಮಳೆಯಲ್ಲಿ ಎರಡು ಗೇರ್ ಒಟ್ಟಿಗೆ ಇಳಿಸಬೇಡಿ. ಟ್ರ್ಯಾಕ್ಷನ್ ಕಂಟ್ರೋಲ್ (ಹಿಂದಿನ ಚಕ್ರ ಜಾರಿದರೆ ಶಕ್ತಿ ಕಡಿಯುವ ವ್ಯವಸ್ಥೆ) ಮಳೆಗಾಲಕ್ಕೆ 2ರಲ್ಲಿ. ಜಲ್ಲಿ ರಸ್ತೆ ಏರುವಾಗ 1 ಅಥವಾ ಆಫ್, ಇಲ್ಲದಿದ್ದರೆ ಅರ್ಧ ಏರಿನಲ್ಲಿ ಶಕ್ತಿ ಕಡಿದುಬಿಡುತ್ತದೆ. ಎಬಿಎಸ್ ಆಫ್ ಮಾಡುವ ಬಟನ್ ಇದರಲ್ಲಿ ಇಲ್ಲ, ಸಡಿಲ ಇಳಿಜಾರಿನಲ್ಲಿ ಅದು ಮನಸ್ಸಿನಲ್ಲಿರಲಿ.

#7 ಗುಂಡ್ಯ_ಕ್ರಾಸ್
ಇದು ಭಾರಿ ಉಪಯೋಗ ಆಯ್ತು. @ಫೀಲರ್_ಗೇಜ್ ಅವರೇ, ವಾಲ್ವ್ ಕೆಲಸ ಅಷ್ಟು ದೊಡ್ಡದಾ? ಮನೆಯಲ್ಲಿ ಮಾಡಬಹುದಾ?

#8 ಫೀಲರ್_ಗೇಜ್
ಅಳೆಯುವುದು ಮನೆಯಲ್ಲಿ ಮಾಡಬಹುದು. ಶಿಮ್ (ಆ ಸಂದು ಹೊಂದಿಸುವ ತೆಳು ಬಿಲ್ಲೆ) ಬದಲಿಸುವುದು ತಾಳ್ಮೆ ಇದ್ದವರಿಗೆ ಮಾತ್ರ. ಕೆಲಸ ಕಷ್ಟವಲ್ಲ, ಅಲ್ಲಿಗೆ ತಲುಪುವುದು ಕಷ್ಟ.

ಎಂಜಿನ್ ರಾತ್ರಿಯಿಡೀ ತಣ್ಣಗಾಗಿರಬೇಕು. ಟ್ಯಾಂಕಿನಲ್ಲಿ ಪೆಟ್ರೋಲ್ ಕಾಲು ಭಾಗಕ್ಕಿಂತ ಕಮ್ಮಿ ಇರಲಿ, ಎತ್ತುವಾಗ ನಿಮ್ಮ ಬೆನ್ನಿಗೆ ಹಗುರ. ಹಿಂದಿನ ಸಿಲಿಂಡರ್‌ಗೆ ಟ್ಯಾಂಕ್, ಏರ್‌ಬಾಕ್ಸ್ ತೆಗೆಯಬೇಕು. ಮುಂದಿನದಕ್ಕೆ ರೇಡಿಯೇಟರ್ ಬೋಲ್ಟ್ ಬಿಚ್ಚಿ ಮುಂದಕ್ಕೆ ಸರಿಸಬೇಕು. ಸರಿಸುವ ಮುಂಚೆ ರೇಡಿಯೇಟರ್ ಹಿಂಬದಿಗೆ ರಟ್ಟು ಕಟ್ಟಿ, ಇಲ್ಲವಾದರೆ ಸ್ಪ್ಯಾನರ್ ತಾಗಿ ರೆಕ್ಕೆಗಳು ಮಡಚಿಹೋಗುತ್ತವೆ. ಏರ್‌ಬಾಕ್ಸ್ ತೆಗೆದ ಕೂಡಲೇ ಥ್ರಾಟಲ್ ಬಾಡಿ ಬಾಯಿಗೆ ಬಟ್ಟೆ ತುರುಕಿ. ಒಂದು ವಾಷರ್ ಒಳಗೆ ಬಿದ್ದರೆ ಎಂಜಿನ್ ಇಳಿಸಬೇಕಾದೀತು. ಈ ಎಂಜಿನ್‌ನಲ್ಲಿ ಸಿಲಿಂಡರಿಗೆ ಎರಡರಂತೆ ನಾಲ್ಕು ಪ್ಲಗ್, ಅವನ್ನೂ ತೆಗೆದುಬಿಡಿ. ಕ್ರ್ಯಾಂಕ್ ಕೈಯಲ್ಲೇ ಹಗುರವಾಗಿ ತಿರುಗುತ್ತದೆ.

ಎಡಗಡೆ ಕವರಿನ ಎರಡು ಮುಚ್ಚಳ ತೆಗೆದರೆ ಒಂದರಲ್ಲಿ ಕ್ರ್ಯಾಂಕ್ ಬೋಲ್ಟ್, ಇನ್ನೊಂದರಲ್ಲಿ ರೋಟರ್ ಮೇಲಿನ ಗುರುತು. ಗಾಡಿ ಮುಂದೆ ಹೋಗುವಾಗ ಚಕ್ರ ತಿರುಗುವ ದಿಕ್ಕಿಗೇ ತಿರುಗಿಸಿ. ಎಡಗಡೆಯಿಂದ ನೋಡಿದರೆ ಗಡಿಯಾರದ ವಿರುದ್ಧ. ಮುಂದಿನ ಸಿಲಿಂಡರ್‌ಗೆ "ಎಫ್" ಗುರುತು, ಹಿಂದಿನದಕ್ಕೆ "ಆರ್". ಎಲ್ಲರೂ ಎಡವುವುದು ಇಲ್ಲೇ. ಗುರುತು ಕಿಂಡಿಗೆ ಬಂದರೆ ಸಾಲದು. ಕ್ರ್ಯಾಂಕ್ ಎರಡು ಸುತ್ತು ಸುತ್ತಿದಾಗ ಗುರುತು ಎರಡು ಸಲ ಬರುತ್ತದೆ, ಅದರಲ್ಲಿ ಒಂದು ಮಾತ್ರ ಕಂಪ್ರೆಷನ್. ಕ್ಯಾಮ್‌ಗಳ ಮೂತಿ ವಾಲ್ವ್ ಒತ್ತದೆ ಹೊರಮುಖವಾಗಿದ್ದರೆ ಮಾತ್ರ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿ.

ಇನ್‌ಟೇಕ್ 0.10ರಿಂದ 0.20 ಮಿ.ಮೀ., ಎಕ್ಸಾಸ್ಟ್ 0.20ರಿಂದ 0.30 ಮಿ.ಮೀ. ಗೇಜ್ ಬೆಣ್ಣೆಯಲ್ಲಿ ಹೋದ ಹಾಗೂ ಹೋಗಬಾರದು, ತುರುಕಬೇಕಾಗಿಯೂ ಬರಬಾರದು. ಎರಡು ಪುಟದ ನಡುವಿನ ಕಾಗದ ಎಳೆದಷ್ಟು ಹಿಡಿತ ಸಾಕು. ಬಿಗಿಯಾಗುವುದು ಸಾಮಾನ್ಯವಾಗಿ ಎಕ್ಸಾಸ್ಟ್. ಬಿಗಿಯಾದ ವಾಲ್ವ್ ಸದ್ದು ಮಾಡುವುದಿಲ್ಲ, ಅದೇ ಅಪಾಯ. "ಸದ್ದಿಲ್ಲ, ಹಾಗಾಗಿ ನೋಡಿಲ್ಲ" ಅನ್ನುವ ಮಾರಾಟಗಾರರ ಮಾತನ್ನು ತಲೆಕೆಳಗೆ ಮಾಡಿ ಓದಿ.

ಶಿಮ್ ಲೆಕ್ಕ ಹೀಗೆ: ಹಳೆ ಶಿಮ್‌ಗೆ ಅಳೆದ ಕ್ಲಿಯರೆನ್ಸ್ ಕೂಡಿಸಿ, ಬೇಕಾದ ಕ್ಲಿಯರೆನ್ಸ್ ಕಳೆಯಿರಿ. ಎಕ್ಸಾಸ್ಟ್‌ನಲ್ಲಿ 0.15 ಸಿಕ್ಕಿತು, ಹಳೆ ಶಿಮ್ 1.80, ಬೇಕಾದ್ದು 0.25 ಅನ್ನಿ. 1.80ಕ್ಕೆ 0.15 ಕೂಡಿಸಿ 0.25 ಕಳೆದರೆ 1.70ರ ಶಿಮ್. ಮೇಲೆ ಬರೆದ ಅಂಕಿ ನಂಬಬೇಡಿ, ಮೈಕ್ರೋಮೀಟರ್‌ನಲ್ಲಿ ಅಳೆಯಿರಿ. ಕ್ಯಾಮ್ ತೆಗೆಯುವ ಮುಂಚೆ ಟೆನ್ಷನರ್ ಬಿಚ್ಚಬೇಕು, ಟೈಮಿಂಗ್ ಚೈನ್ ಒಳಗೆ ಬೀಳದಂತೆ ತಂತಿಯಲ್ಲಿ ಕಟ್ಟಬೇಕು. ಎಲ್ಲ ಕೂರಿಸಿದ ಮೇಲೆ ಕೈಯಲ್ಲಿ ಎರಡು ಪೂರ್ತಿ ಸುತ್ತು ತಿರುಗಿಸಿ ಮತ್ತೆ ಅಳೆಯಿರಿ. ಎಲ್ಲೋ ಗಟ್ಟಿಯಾಗಿ ತಡೆದರೆ ನಿಲ್ಲಿಸಿ, ಬಲ ಹಾಕಬೇಡಿ. ಸೆಲ್ಫ್ ಬಟನ್ ಒತ್ತುವ ಆಸೆಯನ್ನು ಅಲ್ಲಿಯವರೆಗೆ ತಡೆದುಕೊಳ್ಳಿ.

#9 ಕೆಂಪು_ಬೆಲ್ಟ್
ಇದೇ ಬಜೆಟ್ ಸ್ವಲ್ಪ ಎಳೆದರೆ ಹಳೆಯ ಡುಕಾಟಿ ಮಲ್ಟಿಸ್ಟ್ರಾಡಾ 950 ಸಿಗುತ್ತದೆ ಅಂತ ಆಸೆ ಬೀಳುವವರಿಗೆ ಒಂದು ಮಾತು. ಅದರ 937 ಸಿಸಿ ಎಂಜಿನ್‌ನಲ್ಲಿ ವಾಲ್ವ್ ಮುಚ್ಚಲು ಸ್ಪ್ರಿಂಗ್ ಇಲ್ಲ, ಮುಚ್ಚುವುದಕ್ಕೂ ಬೇರೆ ರಾಕರ್. ಹಾಗಾಗಿ ಪ್ರತಿ ವಾಲ್ವ್‌ಗೆ ಎರಡು ಅಳತೆ. ಈ ಡೆಸ್ಮೋ ಸರ್ವಿಸ್ 30,000 ಕಿ.ಮೀ.ಗೆ. ಟೈಮಿಂಗ್ ಬೆಲ್ಟ್ ಮಾತ್ರ ಕಿ.ಮೀ. ಆಗದಿದ್ದರೂ 5 ವರ್ಷಕ್ಕೆ ಬದಲಿಸಲೇಬೇಕು. "ಬರೀ 9,000 ಓಡಿದೆ, ಹೊಸದರ ಹಾಗಿದೆ" ಅನ್ನುವ 2018ರ ಗಾಡಿಗೆ ಬೆಲ್ಟ್ ಬಿಲ್ ಕೇಳಿ. ಬಿಲ್ ಇಲ್ಲ ಅಂದರೆ ಸ್ಟಾರ್ಟ್ ಕೂಡ ಮಾಡಿಸಬೇಡಿ. ಹೊಸ 890 ಸಿಸಿ ಮಲ್ಟಿಸ್ಟ್ರಾಡಾ ವಿ2ನಲ್ಲಿ ಕಂಪನಿಯೇ ಡೆಸ್ಮೋ ಬಿಟ್ಟು ಸ್ಪ್ರಿಂಗ್‌ಗೆ ಬಂದಿದೆ, ವಾಲ್ವ್ ನೋಡುವುದು 45,000ಕ್ಕೆ.

ಕೆಟಿಎಂ 1290 ಸೂಪರ್ ಅಡ್ವೆಂಚರ್ 75 ಡಿಗ್ರಿ, 1,301 ಸಿಸಿ. ವಾಲ್ವ್ ಅದರಲ್ಲೂ ಕಾಲಕಾಲಕ್ಕೆ ನೋಡಲೇಬೇಕು. ಹಾರ್ಲೆ ಪ್ಯಾನ್ ಅಮೆರಿಕದಲ್ಲಿ ಹೈಡ್ರಾಲಿಕ್ ಲಿಫ್ಟರ್, ಫೀಲರ್ ಗೇಜ್ ಕೊಳ್ಳುವ ಕೆಲಸವೇ ಇಲ್ಲ. ಅದು 60 ಡಿಗ್ರಿ ವಿ ಆದರೂ ಕ್ರ್ಯಾಂಕ್ ಪಿನ್‌ಗಳನ್ನು 30 ಡಿಗ್ರಿ ಸರಿಸಿರುವುದರಿಂದ ಹೊಡೆತದ ಲಯ 90 ಡಿಗ್ರಿ ಎಂಜಿನ್‌ನಂತೆಯೇ. ಆದರೆ ಅದರ ಬೆಲೆಯಲ್ಲಿ ವಿ-ಸ್ಟ್ರಾಮ್ ತೆಗೆದುಕೊಂಡು ಉಳಿದದ್ದರಲ್ಲಿ ಹತ್ತು ವರ್ಷ ಶಿಮ್ ಹಾಕಿಸಬಹುದು!

#10 ನಿಧಾನವೇ_ಪ್ರಧಾನ
ಪೆಟ್ರೋಲ್ ಬಗ್ಗೆ ಎರಡು ಸಾಲು. ಕೆಟಿಎಂ, ಹಾರ್ಲೆಗೆ 95 ಆಕ್ಟೇನ್ ಬೇಕೇ ಬೇಕು. ಈ ವಿ-ಸ್ಟ್ರಾಮ್‌ಗೆ ಮಾಮೂಲಿ ಪೆಟ್ರೋಲ್ ಸಾಕು, 95 ಹಾಕಿದರೆ ಗಾಡಿ ಇನ್ನೂ ಜೋರು ಓಡುತ್ತದೆ ಅನ್ನುವುದು ಬರೀ ಭ್ರಮೆ. ಚಿಂತೆ ಇರಬೇಕಾದ್ದು ಇ20 (20% ಎಥನಾಲ್ ಬೆರೆಸಿದ ಪೆಟ್ರೋಲ್) ಬಗ್ಗೆ. 2015ರ ಗಾಡಿಯ ರಬ್ಬರ್ ಭಾಗಗಳು ಅದಕ್ಕೆಂದು ಮಾಡಿದ್ದಲ್ಲ. ವಾರ ವಾರ ಓಡುವ ಗಾಡಿಗೆ ತೊಂದರೆ ಕಮ್ಮಿ. ಮಳೆಗಾಲದಲ್ಲಿ ಮೂರು ತಿಂಗಳು ನಿಲ್ಲಿಸುವುದಾದರೆ ಟ್ಯಾಂಕ್ ಗಂಟಲ ತನಕ ತುಂಬಿಸಿ ನಿಲ್ಲಿಸಿ. ಅರ್ಧ ಟ್ಯಾಂಕಿನ ಗಾಳಿಯ ತೇವವನ್ನು ಎಥನಾಲ್ ಎಳೆದುಕೊಳ್ಳುತ್ತದೆ. 20 ಲೀಟರ್ ಟ್ಯಾಂಕ್, ಲೀಟರಿಗೆ 18–20 ಸಿಕ್ಕರೆ 350 ಕಿ.ಮೀ. ತನಕ ಬಂಕ್ ಹುಡುಕಬೇಕಿಲ್ಲ.

#11 ಎರಡು_ಸಿಲಿಂಡರ್
ಮಳೆ ಅಂದಾಗ ನೆನಪಾಯಿತು, ಯಾರಾದರೂ @ಹುಬ್ಳಿ_ಹೈವೇ ಮಾತು ಕೇಳಿ 650 ತೆಗೆದುಕೊಂಡರೆ: ಅದರ ಮುಂದಿನ ಸಿಲಿಂಡರಿನ ಪ್ಲಗ್ ಗುಂಡಿಗೆ ಚಕ್ರ ಎರಚುವ ನೀರು ತುಂಬಿಕೊಳ್ಳುತ್ತದೆ. ನೀರು ಇಳಿಯಲು ಸಣ್ಣ ತೂತು ಇದೆ, ಕೆಸರಿನಿಂದ ಅದು ಮುಚ್ಚಿಕೊಂಡರೆ ಜೋರು ಮಳೆಯಲ್ಲಿ ಗಾಡಿ ಒಂದೇ ಸಿಲಿಂಡರ್‌ನಲ್ಲಿ ಕುಂಟುತ್ತದೆ. ಮೇ ತಿಂಗಳಲ್ಲೇ ತೂತಿಗೆ ತಂತಿ ಹಾಕಿ ಬಿಡಿಸಿ, ಪ್ಲಗ್ ಕ್ಯಾಪ್ ಅಂಚಿಗೆ ಸಿಲಿಕಾನ್ ಗ್ರೀಸ್ ಹಚ್ಚಿ, ಮುಂದಿನ ಮಡ್‌ಗಾರ್ಡ್‌ಗೆ ಉದ್ದನೆಯ ತುಂಡು ಜೋಡಿಸಿ.

1000ಕ್ಕೂ 650ಕ್ಕೂ ಸಾಮಾನ್ಯ ತೊಂದರೆ ಇನ್ನೊಂದು: ಆಯಿಲ್ ಫಿಲ್ಟರ್ ಮುಂದಿನ ಚಕ್ರದ ಹಿಂದೆ ಬರಿಮೈಯಲ್ಲಿ ಕೂತಿದೆ. 1000ದ ಗ್ರೌಂಡ್ ಕ್ಲಿಯರೆನ್ಸ್ 165 ಮಿ.ಮೀ. ಅಷ್ಟೇ. ಚಕ್ರದಿಂದ ಸಿಡಿದ ಒಂದು ಜಲ್ಲಿ ಸಾಕು. ಅಲ್ಯೂಮಿನಿಯಂ ಬ್ಯಾಶ್ ಪ್ಲೇಟ್ (ಎಂಜಿನ್ ಕೆಳಗಿನ ರಕ್ಷಣೆಯ ತಗಡು) ಹಾಕಿಸದೆ ಬಿಸಿಲೆಗೆ ಇಳಿಯಬೇಡಿ. ಎರಡಕ್ಕೂ ಎಚ್‌ಎಫ್138 ಫಿಲ್ಟರ್ ಆಗುತ್ತದೆ, ಒಂದನ್ನು ಪೆಟ್ಟಿಗೆಯಲ್ಲಿ ಇಟ್ಟಿರಿ.

ಪೆಟ್ಟಿಗೆ, ಜನ ಇದ್ದಾಗ ಸೀಟಿನ ಕೆಳಗಿನ ಕೈಗುಂಡಿ ತಿರುಗಿಸಿ ಹಿಂದಿನ ಸ್ಪ್ರಿಂಗ್ ಬಿಗಿ ಮಾಡಿ. ಹಿಂಬದಿ ಸಸ್ಪೆನ್ಷನ್ ಓಡಾಟ 160 ಮಿ.ಮೀ., ಎಲ್ಲರೂ ಕೂತಾಗ ಅದರ ಮೂರನೇ ಒಂದು ಭಾಗ, ಅಂದರೆ 50 ಮಿ.ಮೀ. ಹತ್ತಿರ ಕುಸಿಯಬೇಕು. ಅದಕ್ಕಿಂತ ಕುಸಿದರೆ ಎದುರಿನವರ ಕಣ್ಣಿಗೆ ಹೆಡ್‌ಲೈಟ್, ತಿರುವಿನಲ್ಲಿ ಹಗುರ ಹ್ಯಾಂಡಲ್.

#12 ಗುಂಡ್ಯ_ಕ್ರಾಸ್
ಇವತ್ತು ನೋಡಿ ಬಂದೆ. ಎಂಜಿನ್ ತಣ್ಣಗಿತ್ತು. ಸ್ಟೀರಿಂಗ್, ಫೋರ್ಕ್, ವಾಟರ್ ಪಂಪ್ ಸರಿ ಉಂಟು. ಚೈನ್ 20 ಸಂದಿಗೆ 319.8. ಹಿಂದಿನ ಟೈರಿನಲ್ಲಿ 1817 ಅಂತ ಬರೆದದ್ದುಂಟು. ಕ್ಲಚ್ ಆಯಿಲ್ ಕಾಫಿ ಬಣ್ಣ, ಲಿವರ್ ಒತ್ತಿದರೆ ಸ್ವಲ್ಪ ಸ್ಪಂಜಿನ ಹಾಗೆ. ಬ್ಯಾಟರಿ ಮೇಲೆ ಮೀಟರ್ ಇಟ್ಟರೆ ನಿಂತಾಗ 12.3, 5,000 ಆರ್‌ಪಿಎಂನಲ್ಲಿ 13.1 ವೋಲ್ಟ್.

#13 ಹುಬ್ಳಿ_ಹೈವೇ
ಚೈನ್ ಸೆಟ್ ಹೋತು. 1817 ಅಂದ್ರ 2017ನೇ ಇಸವಿ 18ನೇ ವಾರದ ಟೈರ್, ಬಟನ್ ಎಷ್ಟ ಇದ್ರೂ ಕಲ್ ಆಗಿರ್ತೈತಿ. 110/80-19, 150/70-17 ಸೈಜ್ ಹುಡಕೂದು ಕಷ್ಟ ಇಲ್ಲ, ಬೆನೆಲ್ಲಿ ಟಿಆರ್‌ಕೆ 502 ಎಕ್ಸ್‌ಗೂ ಅದ ಐತಿ. ಈ ಎರಡರ ರೊಕ್ಕ ಕಡಿಸ್ರಿ.

#14 ಫೀಲರ್_ಗೇಜ್
13.1 ನನಗೆ ಇಷ್ಟವಾಗಲಿಲ್ಲ. 5,000ದಲ್ಲಿ 14ರ ಮೇಲೆ ಇರಬೇಕು. ಆದರೆ 12.3ಕ್ಕೆ ಇಳಿದ ಬ್ಯಾಟರಿಯೇ ಕೆಳಗೆ ಎಳೆಯುತ್ತಿರಬಹುದು, ಸ್ಟೇಟರ್ (ಕರೆಂಟ್ ಹುಟ್ಟಿಸುವ ತಂತಿ ಸುರುಳಿ) ಸುಟ್ಟಿದೆ ಅಂತ ಈಗಲೇ ತೀರ್ಮಾನ ಬೇಡ. ಬ್ಯಾಟರಿಯನ್ನು ರಾತ್ರಿಯಿಡೀ ಚಾರ್ಜ್ ಮಾಡಿಸಿ ಮತ್ತೆ ಅಳೆಯಿರಿ.

ಆಗಲೂ 14 ಮುಟ್ಟದಿದ್ದರೆ ಸ್ಟೇಟರ್‌ನಿಂದ ರೆಕ್ಟಿಫೈಯರ್‌ಗೆ (ಎಸಿ ಕರೆಂಟನ್ನು ಡಿಸಿ ಮಾಡುವ ಭಾಗ) ಹೋಗುವ ಮೂರು ವೈರಿನ ಕನೆಕ್ಟರ್ ಬಿಚ್ಚಿ. ಪ್ಲಾಸ್ಟಿಕ್ ಕಂದಾಗಿದ್ದರೆ, ಪಿನ್ ಹಸಿರಾಗಿದ್ದರೆ ಕಳ್ಳ ಅಲ್ಲೇ ಸಿಕ್ಕ. ಚೆನ್ನಾಗಿದ್ದರೆ ಎಂಜಿನ್ ಆಫ್ ಮಾಡಿ ಒಂದೊಂದು ವೈರಿಗೂ ಬಾಡಿಗೂ ನಡುವೆ ಓಮ್ಸ್ ನೋಡಿ, ಏನೂ ತೋರಿಸಬಾರದು. ತೋರಿಸಿದರೆ ಸ್ಟೇಟರ್ ಸುಟ್ಟಿದೆ. ಆಮೇಲೆ ಮೀಟರ್ ಎಸಿಗೆ ಹಾಕಿ, ಎಂಜಿನ್ 5,000ದಲ್ಲಿಟ್ಟು ವೈರುಗಳ ಮೂರೂ ಜೋಡಿ ಅಳೆಯಿರಿ. ಮೂರೂ ಹೆಚ್ಚುಕಮ್ಮಿ ಒಂದೇ ಬರಬೇಕು. ಒಂದು ಜೋಡಿ ಅರ್ಧಕ್ಕೆ ಇಳಿದರೂ ಸ್ಟೇಟರ್‌ನದೇ ತಪ್ಪು. ಎಲ್ಲ ಸರಿ ಇದ್ದರೆ ರೆಕ್ಟಿಫೈಯರ್.

ಸ್ಟೇಟರ್ ಅಂತಾದರೆ ಎಡ ಕವರ್ ಬಿಚ್ಚಬೇಕು, ಹೊಸ ಗ್ಯಾಸ್ಕೆಟ್ ಮೊದಲೇ ತರಿಸಿಡಿ. ಕವರ್ ಹೊರಬರುವಾಗ ರೋಟರ್ ಅಯಸ್ಕಾಂತ ಅದನ್ನು ಬಲವಾಗಿ ಒಳಕ್ಕೆ ಎಳೆಯುತ್ತದೆ, ಅಂಚಿನಲ್ಲಿ ಬೆರಳು ಇಡಬೇಡಿ. ವಾಲ್ವ್ ಕೆಲಸಕ್ಕೂ ಕೈ ಹಾಕುವುದು ಇದೇ ಎಡಗಡೆಗೆ, ಹಾಗಾಗಿ ಎರಡನ್ನೂ ಒಂದೇ ಸಲ ಮುಗಿಸಿದರೆ ಮಜೂರಿ ಉಳಿಯುತ್ತದೆ.

ಕ್ಲಚ್: ಮೊದಲು ಹೊಸ ಡಾಟ್ 4 ಆಯಿಲ್ ಹಾಕಿ ಗಾಳಿ ತೆಗೆಸಿ. ಆಮೇಲೂ ಸ್ಪಂಜಿನ ಹಾಗಿದ್ದರೆ ಮುಂದಿನ ಸ್ಪ್ರಾಕೆಟ್ ಪಕ್ಕದ ಸ್ಲೇವ್ ಸಿಲಿಂಡರ್ (ಲಿವರ್ ಒತ್ತಿದಾಗ ಕ್ಲಚ್ ಬಿಡಿಸುವ ಭಾಗ) ನೋಡಿ. ಚೈನಿನ ಗ್ರೀಸ್, ಮಣ್ಣು ಪೂರ್ತಿ ಅಲ್ಲೇ ಸೇರಿ ಸೀಲ್ ತಿನ್ನುತ್ತದೆ. ಹೇಗೂ ಚೈನ್ ಸೆಟ್ ಹಾಕಿಸಲು ಆ ಕವರ್ ಬಿಚ್ಚುತ್ತಾರೆ. ಬಿಚ್ಚಿದ ಮೇಲೆ ಯಾರೂ ಕ್ಲಚ್ ಲಿವರ್ ಒತ್ತದಂತೆ ನೋಡಿಕೊಳ್ಳಿ, ಪಿಸ್ಟನ್ ಹೊರಗೆ ಚಿಮ್ಮುತ್ತದೆ.

#15 ಗುಂಡ್ಯ_ಕ್ರಾಸ್
ಚೈನ್ ಸೆಟ್, ಎರಡು ಟೈರ್, ವಾಲ್ವ್ ಕೆಲಸ ಇಷ್ಟನ್ನು ಬರೆದು ಅವರಿಗೆ ಕಳಿಸಿದ್ದೇನೆ. ಸ್ಟೇಟರ್ ವಿಷಯ ಚಾರ್ಜ್ ಮಾಡಿ ಅಳೆದ ಮೇಲೆ. ಶನಿವಾರ ಮೀಟರ್ ಹಿಡಿದುಕೊಂಡು ಮತ್ತೆ ಹೋಗುವುದುಂಟು.

#16 ಹುಬ್ಳಿ_ಹೈವೇ
ಅಳತಿ ಪಟ್ಟೀನೂ ಒಯ್ರಿ. ಅಷ್ಟರಾಗ ಚೈನ್ ಬದಲಿ ಮಾಡೀವಿ ಅಂದ್ರ ಮತ್ತ ಅಳೀಬೇಕಲ್ಲ.